ವಟಗುಟ್ಟದ ಕಪ್ಪೆ

ಕಳೆದ ವಾರ ಗೋಪಾಳದ ಒಂದು ಲ್ಯಾಬಿನಲ್ಲಿ ಥೈರಾಯ್ಡ್ ಪರೀಕ್ಷೆಗೆಂದು ತೋಳು ಚಾಚಿ ಕುಳಿತಿದ್ದೆ. ಸಿಸ್ಟರ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು.

“ಎಲ್ರೂ ಸೂಜಿ ನೋಡಿ ಮುಖ ತಿರುಗಿಸ್ತಾರೆ, ನೀವು ನಗ್ತಿದೀರಲ್ಲ?” ಎಂದರು.

“ಒಂದು ಕಪ್ಪೆ ನೆನಪಾಯ್ತು” ಎಂದೆ. ಥೈರಾಯ್ಡ್ ಜೊತೆಗೆ ಇನ್ನೇನೇನು ಪರೀಕ್ಷೆ ಮಾಡಿಸಬೇಕೋ ಎಂಬಂತೆ ಅವರು ನನ್ನನ್ನೇ ಅರೆಗಳಿಗೆ ನೋಡಿದರು.

ಅದು ನಾನು ಕಣ್ಣಾರೆ ಕಂಡ ಕಪ್ಪೆಯಲ್ಲ. ಪೂರ್ವದ ಸಮುದ್ರದಲ್ಲಿ ಒಂದು ದ್ವೀಪವಿದೆ. ನಕಾಶೆಯ ಮೇಲೆ ಬೆರಳಿಟ್ಟರೆ ಪೂರ್ತಿ ಮುಚ್ಚಿಹೋಗುವಷ್ಟು ಚಿಕ್ಕದು. ಅಲ್ಲಿನ ಕಾಡಿನೊಳಗೆ ಹರಿಯುವ ಹಳ್ಳಗಳಲ್ಲಿ ಮಾತ್ರ ಆ ಕಪ್ಪೆ ಇರುವುದು, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ದ್ವೀಪದ ಹೆಸರನ್ನು ಹೊರಗೆ ಹೇಳುವುದಿಲ್ಲವೆಂದು ಸಹಿ ಹಾಕಿಕೊಟ್ಟಿದ್ದೇನೆ, ಹಾಗಾಗಿ ಇಲ್ಲೂ ಹೇಳುವುದಿಲ್ಲ. ಭದ್ರಾವತಿ ಹಳೇನಗರದವಳಾದ ನನಗೂ ಆ ಕಪ್ಪೆಗೂ ಏನು ಸಂಬಂಧ ಎಂದು ಕೇಳಿದರೆ, ಒಂದು ಮಳೆಗಾಲವಿಡೀ ಅದರ ದನಿಯನ್ನು ಕೇಳುವುದೇ ನನ್ನ ಕೆಲಸವಾಗಿತ್ತು. ಕಿವಿಯ ಮೇಲೆಯೇ ಕೂಗುತ್ತಿದ್ದರೂ ನಾನು ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ನಮ್ಮ ಜಿಲ್ಲೆಯ ಸೋಗಾನೆಯಲ್ಲಿ ನಿಲ್ದಾಣವಾಗಿ ಮೊದಲ ವಿಮಾನ ಬಂದಿಳಿದ ಮರುವರ್ಷದ ಮಳೆಗಾಲ ಅದು. ಭದ್ರಾವತಿಯ ಒಂದು ಖಾಸಗಿ ಶಾಲೆಯಲ್ಲಿ ಹದಿನಾರು ವರ್ಷ ಕನ್ನಡ ಪಾಠ ಮಾಡಿದ್ದೆ. ಮಕ್ಕಳು ಕಡಿಮೆಯಾಗುತ್ತಾ ಬಂದು ಆ ಬೇಸಿಗೆಯಲ್ಲಿ ಶಾಲೆ ಮುಚ್ಚಿತು. ಮನೆಯಲ್ಲಿ ಕೂತು ಗೋಡೆಗೆ ಪಾಠ ಮಾಡುವಂತಾಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿ ಪ್ರಶಾಂತ ಫೋನು ಮಾಡಿದ. ಗೋಪಾಳದಲ್ಲಿ ವಾಟರ್ ಫಿಲ್ಟರ್ ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ಅವನದೊಂದು ಸಣ್ಣ ಆಫೀಸು.

“ಕೇಳೋ ಕೆಲ್ಸ ಮೇಡಂ. ಅಷ್ಟು ವರ್ಷ ನೀವು ಹೇಳಿದ್ದನ್ನ ನಾವು ಕೇಳಿದ್ವಿ. ಈಗ ನೀವು ಕೇಳಿ” ಎಂದ. ತರಗತಿಯಲ್ಲಿ ಇಷ್ಟು ಚುರುಕಾಗಿ ಒಂದು ದಿನವೂ ಉತ್ತರ ಕೊಟ್ಟವನಲ್ಲ.

ಕೆಲಸ ಹೀಗಿತ್ತು. ದ್ವೀಪದ ನಾಲ್ಕು ಹಳ್ಳಗಳ ದಡದಲ್ಲಿ ಮರಗಳಿಗೆ ಪುಟ್ಟ ರೆಕಾರ್ಡರುಗಳನ್ನು ಕಟ್ಟಿದ್ದರು. ಅವು ಹಿಡಿದಿಟ್ಟ ಸದ್ದನ್ನು ಹತ್ತು ಹತ್ತು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ನಮಗೆ ಕಳಿಸುತ್ತಿದ್ದರು. ನಾವು ಆರು ಜನ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ತುಣುಕನ್ನು ಕೇಳಿ, ತೆರೆಯ ಮೇಲಿನ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು: ಕಪ್ಪೆ, ಹಕ್ಕಿ, ಹುಳ, ನೀರು. ಇವತ್ತು ಒಬ್ಬರು ಹಾಕಿದ ಹೆಡ್‌ಫೋನು ನಾಳೆ ಇನ್ನೊಬ್ಬರ ಕಿವಿಗೆ ಏರುತ್ತಿದ್ದುದರಿಂದ ದಿನಾ ಬೆಳಿಗ್ಗೆ ಎಲ್ಲವನ್ನೂ ಸ್ಪಿರಿಟ್ ಹಾಕಿ ಒರೆಸುವುದು ನಿಯಮ. ನೆನೆದ ಛತ್ರಿ, ಒದ್ದೆ ಚೂಡಿದಾರದ ಅಂಚು, ಸ್ಪಿರಿಟ್ಟು, ಕೆಳಗಿನ ಅಂಗಡಿಯ ಪ್ಲಾಸ್ಟಿಕ್ಕು, ಇವೆಲ್ಲ ಸೇರಿದ ವಾಸನೆಯಲ್ಲಿ ನಮ್ಮ ದಿನ ಶುರುವಾಗುತ್ತಿತ್ತು.

ಇದನ್ನೆಲ್ಲ ಕಳಿಸುತ್ತಿದ್ದವರು ದ್ವೀಪದಲ್ಲೇ ಬಿಡಾರ ಹೂಡಿ ಆ ಕಪ್ಪೆಯ ಹಿಂದೆ ಬಿದ್ದಿದ್ದ ಒಬ್ಬ ವಿಜ್ಞಾನಿ. ನಮ್ಮ ಪಾಲಿಗೆ ಅವರು ‘ದ್ವೀಪದ ಮೇಡಂ’. ಮೊದಲ ದಿನ ವಿಡಿಯೊದಲ್ಲಿ ಬಂದು ಕಪ್ಪೆಯ ಫೋಟೊ ತೋರಿಸಿದರು. ಹೆಬ್ಬೆರಳಿನಷ್ಟು ದೊಡ್ಡದು, ಪಾಚಿಗಟ್ಟಿದ ಕಲ್ಲಿನ ಬಣ್ಣ, ಕಣ್ಣು ಮಾತ್ರ ತಾಮ್ರದ್ದು. ಅವರ ಇಂಗ್ಲಿಷನ್ನು ಪ್ರಶಾಂತ ಕನ್ನಡಕ್ಕೆ ತಿರುಗಿಸುತ್ತಾ ಹೋದ. ಹಿಂದಿನ ವರ್ಷ ಗುಡ್ಡ ಕುಸಿದು ಮೂರನೇ ಹಳ್ಳ ಅರ್ಧ ಮುಚ್ಚಿದೆ. ಉಳಿದ ಮೂರರಲ್ಲಿ ಕಪ್ಪೆ ಇರುವುದನ್ನು ಅವರೇ ಕಂಡಿದ್ದಾರೆ, ಇದರಲ್ಲಿ ಬದುಕಿ ಉಳಿದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಉಳಿದಿದೆ ಎಂದಾದರೆ ಆ ಹಳ್ಳದ ಸುತ್ತಲ ಕಾಡನ್ನು ಯಾರೂ ಮುಟ್ಟುವಂತಿಲ್ಲ. ಇಲ್ಲ ಎಂದಾದರೆ ರೆಕಾರ್ಡರುಗಳನ್ನು ಬಿಚ್ಚಿಕೊಂಡು ಬರುತ್ತಾರೆ, ಆಮೇಲೆ ಅಲ್ಲಿ ರಸ್ತೆ ಮಾಡಲು ಯಾರ ತಕರಾರೂ ಇರುವುದಿಲ್ಲ. ನಮ್ಮ ಪಟ್ಟಿಯ ಕೊನೆಯಲ್ಲಿ ಒಂದೊಂದು ಹಳ್ಳಕ್ಕೂ ಒಂದು ಖಾನೆ ಇತ್ತು. ಅದರಲ್ಲಿ ‘ಇದೆ’ ಅಥವಾ ‘ಇಲ್ಲ’ ಎಂದು ಬರೆಯಬೇಕು. ವಯಸ್ಸಿನಲ್ಲಿ ಹಿರಿಯಳೆಂದೋ, ಟೀಚರಾಗಿದ್ದವಳೆಂದೋ, ಆ ಖಾನೆಯನ್ನು ಪ್ರಶಾಂತ ನನಗೆ ವಹಿಸಿದ.

ಕಪ್ಪೆಯ ಕೂಗಿನ ಮಾದರಿಯೊಂದನ್ನೂ ಮೇಡಂ ಕಳಿಸಿದ್ದರು. ಪ್ರಶಾಂತ ಅದನ್ನು ತನ್ನ ಮೊಬೈಲಿನಲ್ಲಿಯೇ ಎಲ್ಲರಿಗೂ ಕೇಳಿಸಿದ. ನಮ್ಮ ಮಾಳಿಗೆಗೆ ತಗಡಿನ ಸೂರು, ಹೊರಗೆ ಧೋ ಎಂದು ಮಳೆ. ಮೊಬೈಲಿನಿಂದ ಏನು ಬಂತೋ ದೇವರೇ ಬಲ್ಲ. “ಕೇಳಿಸ್ತಾ?” ಎಂದ. ಎಲ್ಲರೂ ತಲೆಯಾಡಿಸಿದೆವು. ನಾನು ಎಲ್ಲರಿಗಿಂತ ಜೋರಾಗಿಯೇ ಆಡಿಸಿದೆ.

ಆಮೇಲೆ ಪ್ರಶಾಂತ, “ಮೇಡಂ, ಯಾವ ಸದ್ದಿಗೆ ಯಾವ ಗುಂಡಿ ಅಂತ ಒಂದು ಹಾಳೇಲಿ ಕನ್ನಡದಲ್ಲಿ ಬರ್ದು ಗೋಡೆಗೆ ಅಂಟಿಸ್ಬಿಡಿ” ಎಂದ. ನನಗೆ ಇದಕ್ಕಿಂತ ಸುಲಭದ ಕೆಲಸ ಬೇರೆ ಯಾವುದಿತ್ತು! ಹದಿನಾರು ವರ್ಷ ಮಕ್ಕಳಿಗೆ ಇದನ್ನೇ ಬಾಯಿಪಾಠ ಮಾಡಿಸಿದ್ದೆ. ಸಿಂಹ ಘರ್ಜಿಸುತ್ತದೆ, ಆನೆ ಘೀಳಿಡುತ್ತದೆ, ಕಪ್ಪೆ ವಟಗುಟ್ಟುತ್ತದೆ. ಬೇರೆ ಏನು ಬರೆದರೂ ಸೊನ್ನೆ ಕೊಟ್ಟಿದ್ದೆ. ಅಂದವಾದ ಅಕ್ಷರದಲ್ಲಿ ಬರೆದೆ: ‘ವಟಗುಟ್ಟುವುದು ಕಪ್ಪೆ. ಚಿಲಿಪಿಲಿ ಹಕ್ಕಿ. ಕಿರಿಕಿರಿ, ಟಿಣ್ ಟಿಣ್ ಇತ್ಯಾದಿ ಹುಳ.’

ನಮ್ಮ ಆರು ಜನರಲ್ಲಿ ಒಬ್ಬರು ಅನ್ವರ್ ಭಾಯ್. ಮಾಚೇನಹಳ್ಳಿಯ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷ ಮೋಟಾರುಗಳ ಬೇರಿಂಗ್ ರಿಪೇರಿ ಮಾಡಿದವರು. ಐವತ್ತೈದು ದಾಟಿತ್ತು. ಮೆಷಿನ್ನುಗಳ ಗದ್ದಲದಲ್ಲಿ ಎಡಗಿವಿ ಮಂದವಾಗಿ, ಇನ್ನು ಆ ಸದ್ದಿನಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಇಲ್ಲಿಗೆ ಬಂದಿದ್ದರು. ನಾನು ಕಂಡಂತೆ ಅಷ್ಟು ನಿಧಾನದ ಮನುಷ್ಯ ಜಿಲ್ಲೆಯಲ್ಲೇ ಇರಲಿಲ್ಲ. ನಾವು ನೂರು ತುಣುಕು ಮುಗಿಸುವಾಗ ಅವರದು ನಲವತ್ತೂ ಆಗಿರುತ್ತಿರಲಿಲ್ಲ. ಒಂದೊಂದನ್ನೂ ಕಣ್ಣು ಮುಚ್ಚಿ ನಾಲ್ಕು ಸಲ ಕೇಳುತ್ತಿದ್ದರು.

ಜುಲೈ ತುಂಬಾ ಮಳೆ ಬಿಡಲಿಲ್ಲ. ಭದ್ರಾವತಿಯಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯ ಗಾಜಿನಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಬಂದು ಹೆಡ್‌ಫೋನ್ ಹಾಕಿದರೆ ಅಲ್ಲೂ ಮಳೆಯೇ, ಅಲ್ಲೂ ನೀರೇ. ಒಂದು, ಎರಡು, ನಾಲ್ಕನೇ ಹಳ್ಳಗಳಲ್ಲಿ ನೀರು ನಿಂತ ಕಡೆ ಯಾವುದೋ ದೊಡ್ಡ ಕಪ್ಪೆಗಳು ನಮ್ಮೂರಿನವುಗಳಂತೆಯೇ ಶಾಸ್ತ್ರೋಕ್ತವಾಗಿ ವಟಗುಟ್ಟುತ್ತಿದ್ದವು. ಖುಷಿಯಿಂದ ಕಪ್ಪೆಯ ಗುಂಡಿ ಒತ್ತುತ್ತಿದ್ದೆವು. ಮೂರನೇ ಹಳ್ಳದಲ್ಲಿ ನಿಂತ ನೀರೇ ಇರಲಿಲ್ಲ. ಅಲ್ಲಿ ಕೇಳುತ್ತಿದ್ದುದು ಕಲ್ಲಿನ ಮೇಲೆ ಧುಮುಕುವ ನೀರು, ಅದರ ನಡುವೆ ಆಗೊಮ್ಮೆ ಈಗೊಮ್ಮೆ ಸ್ಟೀಲ್ ಲೋಟದ ಅಂಚಿಗೆ ಉಗುರು ತಾಗಿಸಿದಂತೆ ಒಂದು ‘ಟಿಣ್’. ಗೋಡೆಯ ಹಾಳೆಯ ಪ್ರಕಾರ ಅದು ಹುಳ.

ಅನ್ವರ್ ಭಾಯ್ ಮಾತ್ರ ಕೈ ಎತ್ತುತ್ತಿದ್ದರು.

“ಟೀಚರಮ್ಮಾ, ಇದು ಹುಳ ಅನ್ಸಲ್ಲ.”

“ಮತ್ತೇನು ಅನ್ವರ್ ಭಾಯ್?”

“ಹುಳ ಅಂದ್ರೆ ಮೋಟರ್ ಇದ್ದಂಗೆ. ಶುರು ಮಾಡಿದ್ರೆ ಒಂದೇ ಸಮ ಓಡ್ತಾ ಇರುತ್ತೆ. ಇದು ಹಂಗಲ್ಲ. ಒಂದ್ಸಲ ಕೂಗಿ ನಿಲ್ಸುತ್ತೆ. ಆಮೇಲೆ ದೂರದಿಂದ ಇನ್ನೊಂದು ಕೂಗುತ್ತೆ. ನೀರು ಜೋರಾದ್ರೆ ಇದೂ ಜೋರಾಗುತ್ತೆ. ಯಾರನ್ನೋ ಕರೀತಾ ಐತೆ ಇದು.”

“ಕಪ್ಪೆ ಟಿಣ್ ಅಂತ ಕೂಗೋದನ್ನ ಎಲ್ಲಾದ್ರೂ ಕೇಳಿದೀರಾ?”

“ಇಲ್ಲ. ಆದ್ರೆ ನಾನು ಆ ದ್ವೀಪಾನೂ ನೋಡಿಲ್ವಲ್ಲ.”

ಹೀಗೆ ಮೂರು ನಾಲ್ಕು ದಿನ ನಡೆಯಿತು. ಪಟ್ಟಿ ಕಳಿಸುವ ದಿನ ಹತ್ತಿರ ಬಂದಿತ್ತು, ಪ್ರಶಾಂತ ಅವಸರ ಮಾಡುತ್ತಿದ್ದ. ಬುಧವಾರ ಮಧ್ಯಾಹ್ನ ಅನ್ವರ್ ಭಾಯ್ ಮತ್ತೆ ಕೈ ಎತ್ತಿದಾಗ ನನಗೆ ರೇಗಿತು. ನನ್ನ ಅಕ್ಷರದಲ್ಲಿ ಬರೆದು ಅಂಟಿಸಿದ್ದನ್ನು ತಪ್ಪು ಎನ್ನುವವರನ್ನು ನಾನು ಆವರೆಗೆ ಕಂಡಿರಲಿಲ್ಲ. “ನಿಮಗೆ ಕೇಳೋದೇ ಒಂದು ಕಿವಿ ಅನ್ವರ್ ಭಾಯ್. ಎರಡು ಕಿವಿ ಇರೋರು ಐದು ಜನ ಹುಳ ಅಂತಿದೀವಿ, ಸಾಲ್ದಾ?” ಎಂದುಬಿಟ್ಟೆ.

ಯಾರೋ ಒಬ್ಬರು ನಕ್ಕರು, ಉಳಿದವರು ನಗಲಿಲ್ಲ. ಅನ್ವರ್ ಭಾಯ್ ಎತ್ತಿದ ಕೈಯನ್ನು ಇಳಿಸಿ ಹೆಡ್‌ಫೋನ್ ಹಾಕಿಕೊಂಡರು. ಮತ್ತೆ ಕೈ ಎತ್ತಲಿಲ್ಲ. ಮಾತು ಬಾಯಿಂದ ಜಾರಿದ ಕ್ಷಣದಲ್ಲೇ ನನಗೆ ನಾಚಿಕೆಯಾಗಿತ್ತು. ಆದರೂ ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. ಗುರುವಾರ ಮೂರನೇ ಹಳ್ಳದ ಮುಂದೆ ‘ಇಲ್ಲ’ ಎಂದು ಬರೆದೆ. ಪಟ್ಟಿ ಹೋಯಿತು. ಸೋಮವಾರ ರೆಕಾರ್ಡರು ಬಿಚ್ಚುವವರು ಹೊರಡುತ್ತಾರೆಂದು ಮೇಡಂ ಉತ್ತರ ಬರೆದರು. ‘ಬೇಸರವಾಯಿತು’ ಎಂಬುದೊಂದೇ ಅದರಲ್ಲಿದ್ದ ಇನ್ನೊಂದು ಮಾತು.

ಶುಕ್ರವಾರ ಸಂಜೆ ಮನೆಗೆ ಹೊರಟ ಬಸ್ಸು ಮಾಚೇನಹಳ್ಳಿಯಲ್ಲಿ ನಿಂತಿತು. ಮುಂದೆ ಮರ ಬಿದ್ದು ರಸ್ತೆ ಕಟ್ಟಿತ್ತು. ಅದೇ ಬಸ್ಸಿನಲ್ಲಿದ್ದ ಅನ್ವರ್ ಭಾಯ್ ತಮ್ಮ ಸ್ಟಾಪಿನಲ್ಲಿ ಇಳಿದು ನನ್ನ ಕಿಟಕಿಯ ಬಳಿ ಬಂದರು. “ಇನ್ನೂ ಒಂದು ಗಂಟೆ ಆಗುತ್ತೆ ಟೀಚರಮ್ಮ. ಎದುರಿಗೇ ನಮ್ಮ ಹಳೇ ಶೆಡ್ಡು. ಬನ್ನಿ, ಟೀ ಕುಡ್ದು ಹೋಗೋರಂತೆ” ಎಂದರು. ಎರಡು ದಿನದ ಹಿಂದೆ ಎಲ್ಲರೆದುರು ಹಾಗೆಂದವಳನ್ನು ಈ ಮನುಷ್ಯ ಟೀಗೆ ಕರೆಯುತ್ತಿದ್ದಾರೆ. ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಛತ್ರಿಯ ಮರೆಯಲ್ಲಿಟ್ಟುಕೊಂಡು ಹೋದೆ.

ಶೆಡ್ಡಿನಲ್ಲಿ ಬಾವಿಯ ಮೋಟಾರೊಂದು ಓಡುತ್ತಿತ್ತು. ಅಲ್ಲಿನವರು ಅನ್ವರ್ ಭಾಯ್ ಬಂದದ್ದೇ, “ಉಸ್ತಾದ್, ಇದನ್ನ ಸ್ವಲ್ಪ ನೋಡಿ” ಎಂದರು. ನೋಡಿ ಎಂದರೆ ಅಲ್ಲಿ ಕೇಳಿ ಎಂದರ್ಥ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಆನಿಸಿ ಕಣ್ಣು ಮುಚ್ಚಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

“ಬರೀ ಗುಂಯ್ ಅಂತಿದೆ” ಎಂದೆ.

“ಅದು ದೊಡ್ಡ ಸದ್ದು. ಅದನ್ನ ಪಕ್ಕಕ್ಕೆ ಬಿಡಿ. ಅದರ ಕೆಳಗೆ ಏನೈತೆ ಕೇಳಿ.”

ಮತ್ತೆ ಕೇಳಿದೆ. ಏನೂ ಇಲ್ಲ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ. ಗುಂಯ್‌ಗುಡುವಿಕೆಯ ತಳದಲ್ಲಿ ತೀರ ಸಣ್ಣದಾಗಿ ಏನೋ ಕಟಕ್ ಎಂದಿತು. ನಿಂತಿತು. ಮತ್ತೆ ಕಟಕ್ ಎಂದಿತು.

“ಬೇರಿಂಗಲ್ಲಿ ಒಂದು ಗುಂಡು ಸವೆದೈತೆ. ಇವತ್ತು ಇದನ್ನ ಇಲ್ಲ ಅಂದ್ರೆ ತಿಂಗಳಲ್ಲಿ ಮೋಟರ್ ಸುಟ್ಟು ಹೋಗುತ್ತೆ” ಎಂದು ಅಲ್ಲಿನವರಿಗೆ ಹೇಳಿದರು. ನನಗೆ ಹೇಳಿದ್ದಲ್ಲ. ಆದರೆ ‘ಇಲ್ಲ ಅಂದ್ರೆ’ ಎಂಬ ಮಾತು ನನಗೇ ಬಂದು ತಾಗಿತು.

ಶನಿವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದೆ. ಮೇಡಂ ಕಳಿಸಿದ್ದ ಆ ಮಾದರಿಯನ್ನು ಹುಡುಕಿ, ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನೀರು ಧುಮುಕುತ್ತಿತ್ತು. ಆಮೇಲೆ, ಸ್ಪಷ್ಟವಾಗಿ, ಟಿಣ್. ಸ್ವಲ್ಪ ಹೊತ್ತು ಬಿಟ್ಟು ದೂರದಿಂದ ಇನ್ನೊಂದು ಟಿಣ್.

ಹರಿಯುವ ನೀರಿನ ಸದ್ದಿನಲ್ಲಿ ದಪ್ಪ ದನಿ ಮುಳುಗಿಹೋಗುತ್ತದೆ, ಅದಕ್ಕೇ ಹಳ್ಳದ ಕಪ್ಪೆ ಅಷ್ಟು ಮೊನಚಾಗಿ ಕೂಗುವುದು. ಇದು ಮಾದರಿಯ ಜೊತೆಗಿದ್ದ ಇಂಗ್ಲಿಷ್ ಟಿಪ್ಪಣಿಯಲ್ಲಿ ಎರಡೇ ಸಾಲಿನಲ್ಲಿತ್ತು. ನಾನು ಅದನ್ನು ಓದದೆ ಐದನೇ ತರಗತಿಯ ಉತ್ತರವನ್ನು ಗೋಡೆಗೆ ಅಂಟಿಸಿದ್ದೆ. ಮೂರನೇ ಹಳ್ಳದಲ್ಲಿ ಕಪ್ಪೆಗಳು ತಿಂಗಳುಗಟ್ಟಲೆ ನಾವಿದ್ದೇವೆ ಎಂದು ಕೂಗಿದ್ದವು, ನಾನು ನೀವಿಲ್ಲ ಎಂದು ಸಹಿ ಹಾಕಿದ್ದೆ.

ಪ್ರಶಾಂತ ಬಂದ. ಹೇಳಿದೆ.

“ಮೇಡಂ, ಈಗ ತಪ್ಪಾಗಿದೆ ಅಂದ್ರೆ ಇಡೀ ಪಟ್ಟಿನೇ ತಪ್ಪು ಅಂತ ಆಗುತ್ತೆ. ಕೆಲ್ಸ ವಾಪಸ್ ತಗೋತಾರೆ. ಆರು ಜನ ಇದೀವಿ. ಒಂದು ಹಳ್ಳ ತಾನೇ, ಇನ್ನು ಮೂರು ಇದೆಯಲ್ಲ...”

ಅವನನ್ನು ಬೈಯಲು ನನಗೆ ಬಾಯಿರಲಿಲ್ಲ. ತಪ್ಪು ನನ್ನದು, ಹೆದರಿಕೆ ಅವನದು. “ನೋಡು ಮಾರಾಯ, ನಿನ್ನ ಹೆಸರು ಹೇಳಲ್ಲ. ಹಾಳೆ ಬರೆದೋಳು ನಾನು, ಇಲ್ಲ ಅಂದೋಳೂ ನಾನು. ಫೋನ್ ಹಚ್ಚು” ಎಂದೆ. ಅವನು ಹತ್ತು ನಿಮಿಷ ಕಿಟಕಿಯ ಬಳಿ ನಿಂತು ಮಳೆ ನೋಡಿದ. ಆಮೇಲೆ ತಾನೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತು ಫೋನು ಹಚ್ಚಿದ. ಆ ಹುಡುಗನ ಮೇಲೆ ನನಗೆ ಅವತ್ತು ಹುಟ್ಟಿದ ಪ್ರೀತಿ ಇನ್ನೂ ಕಡಿಮೆಯಾಗಿಲ್ಲ.

ಅಷ್ಟರಲ್ಲಿ ಎಲ್ಲರೂ ಬಂದಿದ್ದರು. ಬೈದದ್ದು ಎಲ್ಲರೆದುರು, ಆದ್ದರಿಂದ ಕ್ಷಮೆಯನ್ನೂ ಎಲ್ಲರೆದುರೇ ಕೇಳಬೇಕಿತ್ತು. “ಅನ್ವರ್ ಭಾಯ್, ನೀವು ಹೇಳಿದ್ದೇ ಸರಿ. ಅದು ಕಪ್ಪೆ. ಬುಧವಾರ ನಾನು ಆಡಿದ ಮಾತು ಆಡಬಾರದಾಗಿತ್ತು” ಎಂದೆ.

ಅವರು ಹೆಡ್‌ಫೋನಿನ ವೈರು ಬಿಡಿಸುತ್ತಾ, “ಯಾವ ಮಾತು ಟೀಚರಮ್ಮ? ನೀವು ಎಡಗಡೆ ಕೂತಿದ್ರಿ, ನಂಗೇನೂ ಕೇಳಿಸ್ಲಿಲ್ಲ” ಎಂದರು.

ಅಳು ಬಂತು, ಎಲ್ಲರೆದುರೇ ಅತ್ತೆ.

ದ್ವೀಪದ ಮೇಡಂ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. ಅನ್ವರ್ ಭಾಯ್ ತಾವು ಕೇಳಿದ್ದನ್ನು ಹೇಳಿದರು, ಪ್ರಶಾಂತ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದ. ಒಂದು ಕೂಗುತ್ತದೆ, ನಿಲ್ಲಿಸುತ್ತದೆ, ದೂರದ್ದು ಉತ್ತರ ಕೊಡುತ್ತದೆ. ಆಮೇಲೆ ಅವರು ಹೇಳಿದ್ದು ಇಷ್ಟು: ನಿಮ್ಮ ತುಣುಕುಗಳು ತಿಂಗಳ ಹಿಂದಿನವು, ಆಮೇಲೆ ಅಲ್ಲಿ ಗುಡ್ಡ ಮತ್ತೊಮ್ಮೆ ಜಾರಿದೆ. ಒಮ್ಮೆ ಇಲ್ಲ ಎಂದು ಬರೆದ ಪಟ್ಟಿಯನ್ನು ತಿದ್ದಿದರೆ ಮೇಲಿನವರು ನಂಬುವುದಿಲ್ಲ. ಸೋಮವಾರದೊಳಗೆ ನಾನೇ ಹತ್ತಿ ಹೋಗಿ ನನ್ನ ಕಿವಿಯಿಂದ ಕೇಳಬೇಕು. ಕೂಗಿದರೆ ಉಳಿಯಿತು, ಇಲ್ಲವಾದರೆ ಇಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಭಾನುವಾರ ರಜೆ, ಆದರೂ ಆರೂ ಜನ ಬಂದಿದ್ದೆವು. ಯಾರನ್ನೂ ಯಾರೂ ಕರೆದಿರಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಫೋನು ಬಂತು. ಅಲ್ಲಿ ಆಗಲೇ ಸಂಜೆಗತ್ತಲು. ಮೇಡಂ ಕುಸಿದ ಮಣ್ಣನ್ನು ಹತ್ತಿ, ಹಳ್ಳದ ನಡುವಿನ ಬಂಡೆಯ ಮೇಲೆ ಕುಳಿತಿದ್ದರು. ಅಲ್ಲಿ ಮಾತ್ರ ಒಂದಿಷ್ಟು ಸಿಗ್ನಲ್ಲು. ನೀವೂ ಕೇಳಿ ಎಂದು ಪಿಸುಗುಟ್ಟಿ ಫೋನನ್ನು ಮುಂದೆ ಹಿಡಿದರು. ಪ್ರಶಾಂತ ಇಲ್ಲಿ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟ. ದೇವರ ದಯೆ, ನಮ್ಮ ತಗಡಿನ ಮೇಲೆ ಆಗ ಮಳೆ ಇರಲಿಲ್ಲ.

ಏನೂ ಕೇಳಲಿಲ್ಲ. ನೀರಿನ ಸದ್ದೂ ಇಲ್ಲ. ಪ್ರಶಾಂತ ಹಣೆ ಚಚ್ಚಿಕೊಂಡ. “ಥೂ, ಫೋನು ಮನುಷ್ಯರ ದನಿ ಬಿಟ್ಟು ಉಳಿದಿದ್ದೆಲ್ಲ ಕತ್ತರಿಸಿ ಹಾಕುತ್ತೆ ಮೇಡಂ. ಕಪ್ಪೆ ಕೂಗಿದ್ರೂ ನಮಗೆ ಬರಲ್ಲ” ಎಂದ ಮೆಲ್ಲಗೆ. ಆದರೂ ಯಾರೂ ಏಳಲಿಲ್ಲ. ಮೇಡಂ ಉಸಿರಾಟ ಮಾತ್ರ ಬರುತ್ತಿತ್ತು. ಗುಡ್ಡ ಹತ್ತಿದ ಏದುಸಿರು ನಿಧಾನವಾಗಿ ತಣ್ಣಗಾಗುತ್ತಾ ಬಂತು. ಐದು ನಿಮಿಷವಾಯಿತು, ಹತ್ತಾಯಿತು. ಎಷ್ಟೋ ವರ್ಷ ಪರೀಕ್ಷೆಯ ಕೊಠಡಿಯಲ್ಲಿ ನಿಂತಿದ್ದೇನೆ, ಅಂಥ ಮೌನ ಕಂಡಿರಲಿಲ್ಲ. ಮನಸ್ಸಿನಲ್ಲೇ ನಾನು ಆ ಹೆಬ್ಬೆರಳಷ್ಟು ಪ್ರಾಣಿಯನ್ನು ಬೇಡಿಕೊಳ್ಳುತ್ತಿದ್ದೆ. ಒಂದು ಸಲ ಕೂಗು, ನಿನ್ನ ದಮ್ಮಯ್ಯ, ನಿನಗೆ ಹೇಗೆ ಬರುತ್ತದೋ ಹಾಗೆಯೇ ಕೂಗು.

ಅನ್ವರ್ ಭಾಯ್ ಬಲಗಿವಿಯನ್ನು ಫೋನಿನ ಹತ್ತಿರ ತಂದು ಕಣ್ಣು ಮುಚ್ಚಿ ಕುಳಿತಿದ್ದರು. ಇದ್ದಕ್ಕಿದ್ದಂತೆ ಕೈ ಎತ್ತಿದರು.

“ಕೂಗ್ತು.”

“ನಮಗೇನೂ ಕೇಳಿಸ್ಲಿಲ್ವಲ್ಲ!” ಎಂದೆ.

“ಕಪ್ಪೆ ನಂಗೂ ಕೇಳಿಸ್ಲಿಲ್ಲ. ಮೇಡಂ ಉಸಿರು ಹಿಡ್ಕೊಂಡ್ರು ನೋಡಿ.”

ಹೌದು, ಉಸಿರಿನ ಸದ್ದು ನಿಂತಿತ್ತು. ಒಂದು, ಎರಡು, ಮೂರು, ನಾಲ್ಕು ಎಂದು ನಾನು ಎಣಿಸಿದೆ. ಆಮೇಲೆ ಆ ಕಡೆಯಿಂದ ಅಳುವೋ ನಗುವೋ ತಿಳಿಯದ ಒಂದು ದನಿ ಬಂತು. ಅದು ಮನುಷ್ಯರ ದನಿಯಾದ್ದರಿಂದ ಫೋನು ಕತ್ತರಿಸಲಿಲ್ಲ. “ಎಸ್... ಎಸ್” ಎನ್ನುತ್ತಿದ್ದರು ಅವರು. ಆಮೇಲೆ, ಯಾರು ಮೊದಲು ಕೇಳಿದ್ದು, ಅವರ ಹೆಸರು ಬೇಕು, ಹೊಸ ಪಟ್ಟಿ ಈಗಲೇ ಬೇಕು ಎಂದರು.

ನಾನು ಕಂಪ್ಯೂಟರಿನ ಮುಂದೆ ಕುಳಿತೆ. ಮೂರನೇ ಹಳ್ಳದ ಸಾಲಿನಲ್ಲಿದ್ದ ‘ಇಲ್ಲ’ವನ್ನು ಅಳಿಸಿ ‘ಇದೆ’ ಎಂದು ಬರೆದೆ. ಕೇಳಿದವರು ಎಂಬ ಖಾನೆಯಲ್ಲಿ ಅನ್ವರ್ ಭಾಯ್ ಹೆಸರು ಬರೆದೆ. ಪಕ್ಕದಲ್ಲಿ ಹುದ್ದೆ ಎಂಬ ಖಾನೆ ಇತ್ತು. ಹಿಂದಿನ ವರ್ಷಗಳ ಸಾಲುಗಳಲ್ಲಿದ್ದ ಹೆಸರುಗಳೆಲ್ಲ ದೊಡ್ಡ ದೊಡ್ಡ ಪದವಿಯ ವಿಜ್ಞಾನಿಗಳದು.

“ಏನಂತ ಬರೀಲಿ ಅನ್ವರ್ ಭಾಯ್?” ಎಂದು ಕೇಳಿದೆ, ಅವರ ಬಲಗಡೆಗೆ ಬಂದು ನಿಂತು.

ಆ ದ್ವೀಪದ ಕಪ್ಪೆಯ ಕಡತದಲ್ಲಿ ಮೂರನೇ ಹಳ್ಳದ ಮುಂದೆ ಅವರು ಹೇಳಿದ್ದು ಇಂದಿಗೂ ಹಾಗೆಯೇ ಇದೆ: ಬೇರಿಂಗ್ ಮೆಕ್ಯಾನಿಕ್, ಮಾಚೇನಹಳ್ಳಿ.